ಒಂದು ಏಟು, ಒಂದು ಗಂಟೆ

ಮಾರ್ಚ್ ೪

ಪಿಟೀಲು,

ಈ ಹೆಸರು ಕಂಡ ಕೂಡಲೇ ಮುಖ ಸಿಂಡರಿಸಿರುತ್ತೀಯ. ಸಿಂಡರಿಸು. ಚಿಕ್ಕವಳಿದ್ದಾಗ ಬೆಳಗಿನಿಂದ ಸಂಜೆಯವರೆಗೆ ಪಿಟೀಲು ಕುಯ್ದವಳಿಗೆ ಬೇರೆ ಹೆಸರು ನನ್ನ ಬಾಯಿಗೆ ಬರುವುದಿಲ್ಲ. ಎಂಟು ತಿಂಗಳಿಂದ ಮಾತಿಲ್ಲ ಕತೆಯಿಲ್ಲ, ಈಗ ಅಣ್ಣ ಕಾಗದ ಬರೆಯಲು ಕೂತಿದ್ದಾನೆಂದರೆ ಏನೋ ಗ್ರಹಚಾರ ಎಂದು ಗಾಬರಿ ಬೀಳಬೇಡ. ಫೋನು ನನಗೆ ಆಗಿಬರುವುದಿಲ್ಲ, ಅಷ್ಟೇ. ಅದರಲ್ಲಿ ಬರೀ ಗೊರಗೊರ. ಇನ್ನು ಮೇಲೆ ಏನಿದ್ದರೂ ಬರೆದೇ ತಿಳಿಸು.

ಹೊಸ ಮನೆ ಹೇಗಿದೆ? ಗಾಳಿ ಬೆಳಕು ಚೆನ್ನಾಗಿದೆಯೇ? ನಿಮ್ಮ ಮನೆಯವರು ಹೇಗಿದ್ದಾರೆ?

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ರೈಲು ಯಾರ್ಡಿನ ಗೇಟಿನ ಎದುರು ಗಡಿಯಾರ ರಿಪೇರಿಯವನೊಬ್ಬ ಇದ್ದಾನೆ. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಮಾತಾಡುತ್ತಾನೆ, ಹಾಗಾಗಿ ಅವನು ಏನು ಹೇಳಿದರೂ ಪರೀಕ್ಷೆ ಮಾಡಿ ಹೇಳಿದ ಹಾಗೆ ಕಾಣುತ್ತದೆ. ಅವನ ಪ್ರಕಾರ ಚಂದ್ರ ಟೊಳ್ಳು. ಟೊಳ್ಳಷ್ಟೇ ಅಲ್ಲ, ಯಾರೋ ಮಾಡಿ ತಂದು ಅಲ್ಲಿ ನಿಲ್ಲಿಸಿದ್ದು. "ಯಾವಾಗ ನೋಡಿದ್ರೂ ಒಂದೇ ಮುಖ ತೋರ್ಸುತ್ತಲ್ಲ, ತಿರುಪು ಬಿಗಿದು ಕೂರಿಸದೆ ಹಾಗೆ ಕೂರುತ್ತಾ? ಗ್ರಹಣದಲ್ಲಿ ನೋಡಿ, ಸೂರ್ಯನ ಅಳತೆ ತಗೊಂಡು ಮಾಡ್ಸಿದ ಮುಚ್ಚಳದ ಹಾಗೆ ಕೂರುತ್ತೆ. ಇಷ್ಟು ನಾಜೂಕು ಕೆಲ್ಸ ತಾನಾಗೇ ಆಗೋದು ಎಲ್ಲಾದ್ರೂ ಇದೆಯಾ?" ಎನ್ನುತ್ತಾನೆ.

ಇದನ್ನೆಲ್ಲ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟೆ. ಆದರೆ ಒಂದು ಮಾತನ್ನು ಬಿಡಲಾಗಲಿಲ್ಲ. ಮನುಷ್ಯರು ಅಲ್ಲಿಗೆ ಹೋಗಿಬಂದಾಗ, ಕೆಲಸ ಮುಗಿದ ನೌಕೆಯೊಂದನ್ನು ಬೇಕೆಂದೇ ಚಂದ್ರನ ಮೇಲೆ ಕೆಡವಿದರಂತೆ. ಚಂದ್ರ ಗಂಟೆಯ ಹಾಗೆ ಮೊಳಗಿತಂತೆ. ಎಷ್ಟು ಹೊತ್ತು ಗೊತ್ತೇ? ಒಂದು ಗಂಟೆ ಹೊತ್ತು!

ಇದು ನನ್ನ ವಿದ್ಯೆಗೆ ಸಂಬಂಧಪಟ್ಟ ಮಾತು ನೋಡು. ಉದ್ದ ಹಿಡಿಯ ಸುತ್ತಿಗೆ ಹಿಡಿದುಕೊಂಡು, ಹೊರಡುವ ಗಾಡಿಯ ಒಂದೊಂದು ಗಾಲಿಗೂ ಒಂದೊಂದು ಏಟು ಕೊಡುತ್ತ ಬಂದು ಇಪ್ಪತ್ತಾರು ವರ್ಷವಾಯಿತು. ಗಾಲಿ ಹಾಡಿದರೆ ಗಟ್ಟಿ. ದಬ್ ಎಂದರೆ ಒಳಗೆ ಬಿರುಕು, ಸೀಮೆಸುಣ್ಣದಲ್ಲಿ ಕತ್ತರಿ ಗುರುತು, ಆ ಬೋಗಿ ಅವತ್ತು ಹೊರಡುವ ಹಾಗಿಲ್ಲ. ಅಪ್ಪ ಕಲಿಸಿದ್ದು ಇಷ್ಟೇ, ನಾನು ಕಲಿತದ್ದೂ ಇಷ್ಟೇ.

ನೀನು ನೆಲದ ನಡುಕ ಅಳೆಯುವವಳು, ನೀನೇ ಹೇಳಬೇಕು. ಒಂದೇ ಏಟಿಗೆ ಒಂದು ಗಂಟೆ ಹೊತ್ತು ನಿಲ್ಲದೆ ದನಿ ಕೊಡುವಂಥದ್ದು ಟೊಳ್ಳೇ ಇರಬೇಕು ತಾನೇ? ಟೊಳ್ಳು, ಆದರೆ ಒಡೆಯದ್ದು. ಗಂಟೆಯ ಹಾಗೆ. ಬೇಗ ಬರೆ. ಯಾಕೋ ಇದು ತಲೆಯಲ್ಲಿ ಕೂತುಬಿಟ್ಟಿದೆ.

ನಿನ್ನ ಅಣ್ಣ

*

ಮಾರ್ಚ್ ೧೯

ಅಣ್ಣ,

ನಿನ್ನ ಕಾಗದ ಬಂದು ಹತ್ತು ದಿನವಾಯಿತು. ಉತ್ತರ ಬರೆಯಬಾರದು ಎಂದುಕೊಂಡಿದ್ದೆ. ನಿಮ್ಮ ಮನೆಯವರು ಹೇಗಿದ್ದಾರೆ ಎಂದು ಕೇಳಿದ್ದೀಯಲ್ಲ, ಕೇಳುವುದಕ್ಕೂ ಒಂದು ಮಿತಿ ಬೇಡವೇ? ಅದರ ಮೇಲೆ ಗಾಳಿ, ಬೆಳಕು! ಅವತ್ತು ಫೋನಿನಲ್ಲೂ ಅದನ್ನೇ ಹೇಳಿ ಇಟ್ಟೆ. ನಾನು ಮರೆತಿಲ್ಲ. ನಿನಗೆ ತಮಾಷೆ ಯಾವುದಕ್ಕೆ ಮಾಡಬೇಕು, ಯಾವುದಕ್ಕೆ ಮಾಡಬಾರದು ಎಂಬುದು ಮೊದಲಿನಿಂದಲೂ ತಿಳಿಯದು. ಇನ್ನೂ ಬರೆದರೆ ಪಿಟೀಲು ಎನ್ನುತ್ತೀಯ. ಬಿಟ್ಟೆ.

ಚಂದ್ರ ಟೊಳ್ಳಲ್ಲ. ನಿನ್ನ ಗಡಿಯಾರದವನಿಗೆ ಹೇಳು, ಅದನ್ನು ತೂಗಿ ನೋಡಿ ಆಗಿದೆ ಎಂದು. ತಕ್ಕಡಿ ಬೇಕಿಲ್ಲ, ಅದರ ಸುತ್ತ ಸುತ್ತುವ ನೌಕೆಗಳನ್ನು ಅದು ಎಷ್ಟು ಜಗ್ಗುತ್ತದೆ ಎಂದು ನೋಡಿದರೆ ಸಾಕು. ಅಷ್ಟೇ ದೊಡ್ಡ ನೀರಿನ ಉಂಡೆಗಿಂತ ಮೂರು ಪಟ್ಟಿಗೂ ಮಿಕ್ಕಿ ತೂಕವಿದೆ, ಹೆಚ್ಚುಕಡಿಮೆ ಒಳ್ಳೆ ಕಲ್ಲಿನ ತೂಕ. ತೂಕವೆಲ್ಲ ಸಿಪ್ಪೆಯಲ್ಲೇ ಇದ್ದಿದ್ದರೆ ಅದು ತಿರುಗುವ, ತೂಗಾಡುವ ರೀತಿಯೇ ಬೇರೆ ಇರುತ್ತಿತ್ತು. ಹಾಗಿಲ್ಲ. ಒಳಗೂ ತುಂಬಿಕೊಂಡಿದೆ.

ಒಂದೇ ಮುಖ ತೋರಿಸಲು ತಿರುಪು ಬೇಕಿಲ್ಲ. ಭೂಮಿ ಕೋಟಿಗಟ್ಟಲೆ ವರ್ಷ ಜಗ್ಗಿ ಜಗ್ಗಿ ಅದರ ತಿರುಗಾಟವನ್ನು ನಿಧಾನ ಮಾಡಿತು. ಈಗ ನಮ್ಮನ್ನು ಒಂದು ಸುತ್ತು ಬರುವಷ್ಟರಲ್ಲಿ ತನ್ನ ಸುತ್ತಲೂ ಒಂದೇ ಸುತ್ತು. ಮುಚ್ಚಳದ ಮಾತೂ ಅಷ್ಟೆ. ಸೂರ್ಯ ಸುಮಾರು ನಾನೂರು ಪಟ್ಟು ದೊಡ್ಡವನು, ಸುಮಾರು ನಾನೂರು ಪಟ್ಟು ದೂರದವನು, ಆದ್ದರಿಂದ ಸರಿಹೋಗಿದೆ. ಚಂದ್ರ ವರ್ಷಕ್ಕೆ ಎರಡು ಬೆರಳಗಲ ದೂರ ಸರಿಯುತ್ತಲೂ ಇದೆ. ಒಂದು ಕಾಲಕ್ಕೆ ಮುಚ್ಚಳ ಚಿಕ್ಕದಾಗುತ್ತದೆ. ಯಾರಾದರೂ ಅಳತೆ ತೆಗೆದುಕೊಂಡು ಮಾಡಿದ್ದರೆ ಇಷ್ಟು ಕಳಪೆ ಕೆಲಸ ಮಾಡುತ್ತಿರಲಿಲ್ಲ.

ಇಲ್ಲಿ ನೆಲಮಾಳಿಗೆಯಲ್ಲಿ ಎರಡು ಸ್ವೆಟರ್ ಹಾಕಿಕೊಂಡು ಕೂತಿದ್ದೇನೆ. ನಡುಕ ಅಳೆಯುವ ಯಂತ್ರಕ್ಕೆ ಬಿಸಿ ಆಗದು, ಹೆಜ್ಜೆ ಸದ್ದು ಆಗದು, ಜನ ಆಗದು. ನನಗೂ ಈಗೀಗ ಹಾಗೆಯೇ. ಅತ್ತಿಗೆಗೆ ಕೇಳಿದೆನೆಂದು ಹೇಳು.

ಇಂತಿ,
ನಿನ್ನ ತಂಗಿ

*

ಮಾರ್ಚ್ ೨೮

ಪಿಟೀಲು,

ಕೋಪ ಯಾಕೆ ಬಂತೆಂದು ತಿಳಿಯಲಿಲ್ಲ. ನಾವು ಒಂದು ಸಲವೂ ಬಂದು ನೋಡಲಿಲ್ಲ ಎಂದಿರಬೇಕು. ತಪ್ಪಾಯಿತು, ಬಿಡು.

ನಿನ್ನ ಕಾಗದ ಗಡಿಯಾರದವನಿಗೆ ಓದಿಸಿದೆ. ಅವನ ಬಾಯಿ ನೋಡಬೇಕಿತ್ತು. "ತೂಕದ ಲೆಕ್ಕ ಹಾಕಿದೋರು ಯಾರು? ಅವ್ರೇ ತಾನೇ ಮುಚ್ಚಿಡೋರು?" ಎಂದ. ಅವನ ಹತ್ತಿರ ವಾದ ಮಾಡುವುದು ನಿಂತ ಗಡಿಯಾರದ ಹತ್ತಿರ ಹೊತ್ತು ಕೇಳಿದಂತೆ.

ಆದರೆ ನೀನೂ ಜಾಣೆ. ಕೇಳದೆ ಇದ್ದದ್ದಕ್ಕೆಲ್ಲ ಪುಟಗಟ್ಟಲೆ ಉತ್ತರ ಬರೆದು, ಕೇಳಿದ್ದನ್ನೇ ಬಿಟ್ಟಿದ್ದೀಯ. ಒಂದು ಗಂಟೆ ಹೊತ್ತು ಮೊಳಗಿದ್ದು ನಿಜವೋ ಸುಳ್ಳೋ? ನಿಜವಾದರೆ ಯಾಕೆ? ತುಂಬಿಕೊಂಡಿದ್ದರೂ ಮೊಳಗುತ್ತದೆ ಎನ್ನುವುದಾದರೆ ಇನ್ನೂ ಒಳ್ಳೆಯದಾಯಿತು. ಗಟ್ಟಿ ಇದ್ದದ್ದೇ ಹಾಡುವುದು. ಶೆಡ್ಡಿನ ಗೋಡೆಗೆ ಒರಗಿಸಿದ್ದ ಒಡಕು ಗಾಲಿ ನೆನಪಿದೆಯೇ, ನಾವು ಮೂಗಿ ಎನ್ನುತ್ತಿದ್ದೆವಲ್ಲ? ಅಪ್ಪ ನಮ್ಮಿಬ್ಬರ ಕಣ್ಣಿಗೂ ಬಟ್ಟೆ ಕಟ್ಟಿ, ಒಮ್ಮೆ ಒಳ್ಳೆ ಗಾಲಿಗೆ, ಒಮ್ಮೆ ಮೂಗಿಗೆ ತಟ್ಟಿ, "ಯಾವುದು ಹೇಳ್ರೋ" ಎನ್ನುತ್ತಿದ್ದರು. ನೀನು ಒಂದು ಸಲವೂ ತಪ್ಪಿದವಳಲ್ಲ. ಮೂಗಿ ಈಗಲೂ ಅಲ್ಲೇ ಇದೆ, ಹೊಸಬರಿಗೆ ಅದೇ ಪಾಠ.

ನನ್ನ ಕೆಲಸ ಚೆನ್ನಾಗಿ ನಡೆದಿದೆ. ಮೊದಲು ತಿಂಗಳಿಗೆ ನಾಲ್ಕೈದು ಗಾಲಿಗಾದರೂ ಕತ್ತರಿ ಗುರುತು ಬೀಳುತ್ತಿತ್ತು. ಹೊಸ ವರ್ಷದಿಂದ ಈಚೆಗೆ ಒಂದೂ ಇಲ್ಲ. ಎಲ್ಲಾ ಗಾಲಿಗಳೂ ಹಾಡುತ್ತಿವೆ. ಯಾರ್ಡಿನ ಸಾಹೇಬರಿಗೂ ಖುಷಿ, ಒಂದು ಗಾಡಿಯೂ ತಡವಾಗಿಲ್ಲ. "ಏನಯ್ಯಾ, ಸುತ್ತಿಗೇಲಿ ಮಂತ್ರ ಇದೆಯಾ?" ಎಂದು ಬೆನ್ನು ತಟ್ಟಿದರು.

ಮೊಳಗಿದ್ದು ಯಾಕೆ ಎಂದು ಸರಿಯಾಗಿ ಬರೆ. ಸುತ್ತಿ ಬಳಸಬೇಡ.

ನಿನ್ನ ಅಣ್ಣ

*

ಏಪ್ರಿಲ್ ೬

ಅಣ್ಣ,

ತಪ್ಪಾಯಿತು, ಬಿಡು. ಇಷ್ಟೇ ತಾನೇ? ಸರಿ, ಬಿಟ್ಟೆ.

ಮೊಳಗಿದ್ದು ನಿಜ. ಕಿವಿಗೆ ಕೇಳುವ ದನಿಯಲ್ಲ, ಅಲ್ಲಿ ಗಾಳಿಯೇ ಇಲ್ಲ. ನೆಲ ನಡುಗಿದ್ದು. ಅಲ್ಲಿ ಇಟ್ಟುಬಂದಿದ್ದ ಯಂತ್ರದಲ್ಲಿ ಆ ಒಂದು ಏಟಿನ ನಡುಕ ಸುಮಾರು ಒಂದು ಗಂಟೆ ಹೊತ್ತು ಮುಂದುವರಿಯಿತು. ನಮ್ಮಲ್ಲಿ ನಡುಕ ಸಣ್ಣಗಾಗುತ್ತ ಹೋಗಿ ನಿಲ್ಲುವುದಕ್ಕೆ ಬಾಲ ಎನ್ನುತ್ತೇವೆ. ಇಲ್ಲಿ ಹತ್ತಿರದ ಕಲ್ಲುಗಣಿಯಲ್ಲಿ ಸಿಡಿಮದ್ದು ಇಟ್ಟರೆ ನನ್ನ ಯಂತ್ರದ ಕಾಗದದ ಮೇಲೆ ಅರ್ಧ ನಿಮಿಷದಲ್ಲಿ ಬಾಲ ಮುಗಿದಿರುತ್ತದೆ. ಚಂದ್ರನ ಬಾಲ ಮುಗಿಯುವುದೇ ಇಲ್ಲ.

ಯಾಕೆ ಎಂದರೆ, ನಿನ್ನ ಲೆಕ್ಕ ಅಲ್ಲಿ ಪೂರ್ತಿ ತಿರುಗುಮುರುಗು. ಚಂದ್ರ ಅಷ್ಟು ಹೊತ್ತು ಮೊಳಗುವುದು ಗಂಟೆಯ ಹಾಗೆ ಟೊಳ್ಳಾಗಿರುವುದರಿಂದಲ್ಲ. ಗಾಲಿಯ ಹಾಗೆ ಗಟ್ಟಿ ಇರುವುದರಿಂದಲೂ ಅಲ್ಲ. ಒಣಗಿಹೋಗಿರುವುದರಿಂದ, ಒಡೆದುಹೋಗಿರುವುದರಿಂದ. ಏಟಿನ ಮೇಲೆ ಏಟು ತಿಂದು ಅದರ ಮೇಲುಭಾಗವೆಲ್ಲ ಮೈಲಿಗಟ್ಟಲೆ ಆಳಕ್ಕೆ ಬಿರುಕು ಬಿಟ್ಟಿದೆ. ನಡುಕ ಒಂದು ಬಿರುಕಿಗೆ ಬಡಿದು ಇನ್ನೊಂದಕ್ಕೆ ಹಾರಿ ಅಲ್ಲೇ ಸುತ್ತುತ್ತದೆ, ಹೊರಗೆ ಹೋಗುವ ದಾರಿ ಸಿಗುವುದಿಲ್ಲ. ನಮ್ಮ ನೆಲದಲ್ಲಾದರೆ ಬಿರುಕುಗಳಲ್ಲಿ ನೀರಿದೆ, ಪಸೆ ಇದೆ, ನಡುಕವನ್ನು ಹೀರಿಕೊಳ್ಳುತ್ತದೆ. ಅಲ್ಲಿ ಹನಿ ಪಸೆಯಿಲ್ಲ. ಒಂದು ಸಲ ಏಟು ಬಿದ್ದರೆ ತನ್ನೊಳಗೆ ತಾನೇ ನರಳಿಕೊಂಡಿರಬೇಕು.

ಆದ್ದರಿಂದ ನಿನ್ನ ಸುತ್ತಿಗೆ ಹಿಡಿದು ಚಂದ್ರನಿಗೆ ಹೋದರೆ ನೀನು ಮೋಸ ಹೋಗುತ್ತೀಯ ಅಣ್ಣ. ಹಾಡುತ್ತಿದೆ ಎಂದು ಪಾಸು ಮಾಡಿ ಕಳಿಸುತ್ತೀಯ. ಅದು ಒಳಗೆ ಚೂರುಚೂರಾಗಿರುತ್ತದೆ.

ಈಗ ಸುತ್ತಿ ಬಳಸದೆ ಬರೆದಿದ್ದೇನೆ. ಸಮಾಧಾನವೇ?

ತಂಗಿ

*

ಏಪ್ರಿಲ್ ೯

ಅಣ್ಣ,

ನಿನ್ನ ಉತ್ತರಕ್ಕೆ ಕಾಯದೆ ಬರೆಯುತ್ತಿದ್ದೇನೆ. ಅಕ್ಷರ ಹೇಗಿದ್ದರೂ ಓದಿಕೋ.

ಇವತ್ತು ಬೆಳಿಗ್ಗೆ ಮೇಜು ಒರೆಸುವಾಗ ನಿನ್ನ ಹಿಂದಿನ ಕಾಗದದ ಲಕೋಟೆ ಸಿಕ್ಕಿತು. ಎಸೆಯಲು ಹರಿದೆ. ಅಂಟು ಹಚ್ಚಿದ ಮಡಿಕೆಗೆ ಒಂದು ಚೀಟಿ ಮೆತ್ತಿಕೊಂಡಿತ್ತು. ಅತ್ತಿಗೆಯ ಅಕ್ಷರ. ಅವರ ಮೇಲೆ ಕೂಗಾಡಬೇಡ, ನಿನ್ನ ಕಾಲು ಹಿಡಿದು ಕೇಳಿಕೊಳ್ಳುತ್ತೇನೆ. ಹೀಗೆ ಬರೆದಿದ್ದಾರೆ:

"ಇವರು ಕೈ ತೊಳೆಯಲು ಹೋದಾಗ ಬರೆದು ತುರುಕುತ್ತಿದ್ದೇನಮ್ಮ. ಹೊಸ ಮನೆಯ ಕಿಟಕಿಗಳ ಅಳತೆ ಕಳಿಸು, ಪರದೆ ಹೊಲಿದು ಕಳಿಸುತ್ತೇನೆ, ಹೊಲಿಗೆ ಮಷಿನ್ ಸುಮ್ಮನೆ ಕೂತಿದೆ. ಇನ್ನೊಂದು ಮಾತು. ಇವರು ನಲ್ಲಿ ತೆರೆದರೆ ಮುಚ್ಚುವುದಿಲ್ಲ. ನೀರು ಸುರಿಯುವುದು ಗೊತ್ತಾಗುವುದಿಲ್ಲ. ನಾನು ಬೆನ್ನ ಹಿಂದೆ ನಿಂತು ಕರೆದರೆ ತಿರುಗುವುದಿಲ್ಲ. ಎದುರಿಗೆ ನಿಂತರೆ ತುಟಿ ನೋಡಿಕೊಂಡು ಮಾತಾಡುತ್ತಾರೆ. ಕೇಳಿದರೆ ರೇಗುತ್ತಾರೆ. ಫೋನಿನಲ್ಲಿ ನಿನಗೆ ಹೇಳೋಣವೆಂದರೆ ನನ್ನ ತುಟಿಯನ್ನೇ ನೋಡುತ್ತಾ ಕೂತಿರುತ್ತಾರೆ. ನೀನಾದರೂ ಕೇಳು."

ಯಾವ ಹೊಸ ಮನೆ ಅಣ್ಣ? ಎಂಟು ತಿಂಗಳ ಹಿಂದೆ ನಾನು ಫೋನ್ ಮಾಡಿ ಹೇಳಿದ್ದು "ಅಣ್ಣಾ, ನಾವಿಬ್ರೂ ಬೇರೆ ಆಗ್ತಿದೀವಿ" ಎಂದು. ನನ್ನ ಗಂಡ ನನ್ನನ್ನು ಬಿಟ್ಟರು ಎಂದು. ನೀನು "ಒಳ್ಳೇದಾಯ್ತು ಬಿಡು, ಗಾಳಿ ಬೆಳಕು ಇರೋ ಕಡೆ ನೋಡಿ" ಎಂದು ಇಟ್ಟೆ. ಅಂಥ ಹೊತ್ತಿನಲ್ಲೂ ಚುಚ್ಚಿದೆ ಎಂದುಕೊಂಡು ಇಷ್ಟು ದಿನ ಉರಿದೆ. ನಿನಗೆ ಕೇಳಿಸಿದ್ದು ಬೇರೆ ಮನೆ ಮಾಡ್ತಿದೀವಿ ಎಂದು. ಅಲ್ಲವೇ?

ಮತ್ತೆ ಹೊಸ ವರ್ಷದಿಂದ ಎಲ್ಲ ಗಾಲಿಗಳೂ ಹಾಡುತ್ತಿವೆ ಎನ್ನುತ್ತೀಯ. ಮೂರು ತಿಂಗಳಲ್ಲಿ ಒಂದೂ ಕತ್ತರಿ ಗುರುತಿಲ್ಲ. ನಾನೂ ಅಪ್ಪನ ಮಗಳೇ. ಅಷ್ಟು ಗಾಲಿಗಳಲ್ಲಿ ಒಂದೂ ಒಡೆಯದೆ ಇರುವುದು ಉಂಟೇ? ಹಾಡುತ್ತಿರುವುದು ಗಾಲಿಯೋ, ನಿನ್ನ ಕಿವಿಯೋ? ಚಂದ್ರನ ವಿಷಯ ನೀನು ಕೇಳಿದ್ದು ಚಂದ್ರನಿಗೋಸ್ಕರವೋ?

ಮೂರು ದಿನದ ಹಿಂದೆ ನಾನು ಬರೆದ ಕಾಗದ ನಿನಗೆ ಮುಟ್ಟಿರುತ್ತದೆ. ಒಣಗಿದೆ, ಒಡೆದಿದೆ ಎಂದೆಲ್ಲ ದೊಡ್ಡ ಪಂಡಿತೆಯ ಹಾಗೆ ಬರೆದುಬಿಟ್ಟೆ. ನನ್ನ ಕೈ ಬಿದ್ದುಹೋಗಲಿ. ಅದು ಚಂದ್ರನ ಮಾತು ಅಣ್ಣ, ನಿನ್ನ ಮಾತಲ್ಲ.

ಆದರೆ ಗಾಡಿಗಳು ದಿನಾ ಹೊರಡುತ್ತಿವೆ. ನಿಮ್ಮ ಸಾಹೇಬರಿಗೆ ಒಂದು ಕಾಗದ ಬರೆದು ಡ್ರಾಯರಿನಲ್ಲಿ ಇಟ್ಟಿದ್ದೇನೆ. ಅಂಚೆಗೆ ಹಾಕಲು ಎರಡು ಸಲ ಮೆಟ್ಟಿಲು ಹತ್ತಿ, ಎರಡು ಸಲ ಇಳಿದು ಬಂದೆ. ನಿನ್ನ ಇಪ್ಪತ್ತಾರು ವರ್ಷ ಕಣ್ಣ ಮುಂದೆ ಬರುತ್ತದೆ. ಗಾಡಿಯಲ್ಲಿ ಕೂತವರೂ ಬರುತ್ತಾರೆ. ಹದಿನೈದಕ್ಕೆ ಅದನ್ನು ಹಾಕಿಯೇ ಹಾಕುತ್ತೇನೆ. ಅಷ್ಟರೊಳಗೆ ನೀನೇ ಹೋಗಿ ಹೇಳಬೇಕು.

ಇಪ್ಪತ್ತೊಂದಕ್ಕೆ ನಾನು ಬರುತ್ತೇನೆ. ಹಿಂದಿನ ದಿನ ನಿಮ್ಮಲ್ಲಿಂದ ಹೊರಟು ಇಲ್ಲಿಗೆ ಬಂದು ವಾಪಸು ಹೋಗುವ ಗಾಡಿ. ನೀನು ತಟ್ಟಿ ಕಳಿಸುವ ಗಾಡಿ. ಒಂದೇ ಒಂದು ಮಾತು ಬರೆದು ತಿಳಿಸು, ಸಾಕು. ಯಾವ ಬೋಗಿಯಲ್ಲಿ ಕೂರಲಿ?

ಪಿಟೀಲು

*

ಏಪ್ರಿಲ್ ೧೩

ಬರಬೇಡ.

*

ಏಪ್ರಿಲ್ ೧೭

ಪಿಟೀಲು,

ಬರಬೇಡ ಎಂದು ಬರೆದದ್ದು ನಿನ್ನ ಕಾಗದವನ್ನು ಅಂಚೆಯವಳು ಕೈಗೆ ಕೊಟ್ಟ ಕೂಡಲೇ, ಅಲ್ಲೇ ನಿಂತುಕೊಂಡು. ಒಂದೊಂದೇ ಬೋಗಿ ನೆನಪು ಮಾಡಿಕೊಂಡೆ. ಮೊದಲನೆಯದು, ಎರಡನೆಯದು, ಮೂರನೆಯದು. ಯಾವುದರಲ್ಲೂ ನಿನ್ನನ್ನು ಕೂರಿಸಲು ಧೈರ್ಯ ಬರಲಿಲ್ಲ. ಆಗ ತಿಳಿಯಿತು. ನನ್ನ ತಂಗಿ ಕೂರಬಾರದ ಗಾಡಿಯಲ್ಲಿ ಊರವರ ತಂಗಿಯರನ್ನು ಕೂರಿಸಿ ಮೂರು ತಿಂಗಳಿಂದ ಕಳಿಸುತ್ತಿದ್ದೇನೆ.

ಶೆಡ್ಡಿಗೆ ಹೋದೆ. ಊಟದ ಹೊತ್ತು, ಯಾರೂ ಇರಲಿಲ್ಲ. ಮೂಗಿಯ ಮುಂದೆ ನಿಂತು ಒಂದು ಏಟು ಕೊಟ್ಟೆ. ಹಾಡಿತು. ನನ್ನಾಣೆ, ಹಾಡಿತು. ನಲವತ್ತು ವರ್ಷದಿಂದ ಯಾರ ಸುತ್ತಿಗೆಗೂ ಬಾಯಿ ಬಿಡದಿದ್ದವಳು ನನ್ನ ಕಿವಿಗೆ ಗಂಟೆಯ ಹಾಗೆ ಮೊಳಗಿದಳು. ಸುತ್ತಿಗೆ ಕೆಳಗಿಟ್ಟೆ, ಆಮೇಲೂ ಮೊಳಗುತ್ತಲೇ ಇದ್ದಳು.

ಎರಡು ವರ್ಷದಿಂದ ಹೀಗೆಯೇ. ಮೊದಲು ಕಿವಿಯೊಳಗೆ ಒಂದು ದನಿ ಸಣ್ಣಗೆ ಬಂತು, ಯಾರೋ ದೂರದಲ್ಲಿ ಪಿಟೀಲು ಕುಯ್ದ ಹಾಗೆ. ನಿನ್ನ ನೆನಪಾಗಿ ನಕ್ಕಿದ್ದೂ ಇದೆ. ಆಮೇಲೆ ಅದು ಹೋಗಲೇ ಇಲ್ಲ, ಉಳಿದ ಸದ್ದುಗಳು ಒಂದೊಂದಾಗಿ ಹೋದವು. ವರ್ಷಕ್ಕೊಮ್ಮೆ ಪರೀಕ್ಷೆ ಮಾಡುವ ವೈದ್ಯರು ಬೆನ್ನ ಹಿಂದೆ ನಿಂತು ಪಿಸುಮಾತಿನಲ್ಲಿ ಅಂಕಿ ಹೇಳುತ್ತಾರೆ. ಎದುರಿನ ಬೀರುವಿನ ಗಾಜಿನಲ್ಲಿ ಅವರ ತುಟಿ ಕಾಣುತ್ತಿತ್ತು. ಏಳು, ಮೂವತ್ತು, ಹನ್ನೆರಡು. ಪಾಸಾದೆ. ಹೆಮ್ಮೆಯಿಂದ ಹೊರಗೆ ಬಂದೆ, ನಾಚಿಕೆಗೆಟ್ಟವನು.

ಚಂದ್ರನನ್ನು ಕೇಳಿದ್ದು ಯಾಕೆ ಎಂದು ಕೇಳಿದೆಯಲ್ಲ. ನನ್ನ ತಲೆಯ ವಿಷಯ ಕೇಳಲು ಬಾಯಿ ಬರಲಿಲ್ಲ, ಅದಕ್ಕೇ. ಚಂದ್ರ ಟೊಳ್ಳು, ಯಾರೋ ಮಾಡಿಟ್ಟದ್ದು, ಆದ್ದರಿಂದಲೇ ಅಷ್ಟು ಹೊತ್ತು ಮೊಳಗುತ್ತದೆ ಎಂದು ನೀನು ಬರೆದಿದ್ದರೆ ನನಗೆ ಸಾಕಿತ್ತು. ಗಂಟೆ ಟೊಳ್ಳಾದರೂ ಒಡೆದಿರುವುದಿಲ್ಲವಲ್ಲ. ಹಾಗಾದರೆ ನಾನೂ ಒಡೆದಿಲ್ಲ ಎಂದುಕೊಂಡು ಇನ್ನೊಂದಷ್ಟು ದಿನ ತಳ್ಳುತ್ತಿದ್ದೆ. ನೀನು ಒಣಗಿದೆ, ಒಡೆದಿದೆ ಎಂದು ಬರೆದೆ. ಕೈ ಬಿದ್ದುಹೋಗಲಿ ಎಂದೆಲ್ಲ ಅನ್ನಬೇಡ. ಸರಿಯಾಗಿಯೇ ಬರೆದಿದ್ದೀಯ.

ಅಲ್ಲಿಂದ ನೇರ ಸಾಹೇಬರ ಕೋಣೆಗೆ ಹೋದೆ. ಅವರ ಮೇಜಿನ ಮೇಲೆ ಸುತ್ತಿಗೆ ಇಟ್ಟು, "ಸಾರ್, ನನ್ನ ಕಿವಿ ಹೋಗಿದೆ. ನಾನು ಪಾಸು ಮಾಡಿರೋದೆಲ್ಲ ಇನ್ನೊಂದ್ಸಲ ನೋಡ್ಸಿ" ಎಂದೆ. ಬಹಳ ಹೊತ್ತು ಬೈದರು. ಮುಖ ಕೆಳಗೆ ಹಾಕಿಕೊಂಡಿದ್ದೆ, ಹಾಗಾಗಿ ಏನು ಬೈದರೋ ಗೊತ್ತಾಗಲಿಲ್ಲ. ಸಂಜೆಯ ಗಾಡಿ ನಿಲ್ಲಿಸಿದರು. ಬೇರೆ ಯಾರ್ಡಿನಿಂದ ಒಬ್ಬ ಹೆಂಗಸನ್ನು ಕರೆಸಿದರು, ನಿನ್ನ ವಯಸ್ಸಿನವಳು. ಮೂರು ದಿನ ಎಲ್ಲ ಬೋಗಿಗಳಿಗೂ ತಟ್ಟಿದಳು. ನಾನು ಹಿಂದೆ ಹಿಂದೆ ಸೀಮೆಸುಣ್ಣ ಹಿಡಿದುಕೊಂಡು ನಡೆದೆ. ಅವಳು ತಟ್ಟಿ ನನ್ನ ಕಡೆ ತಿರುಗಿ ತಲೆ ಆಡಿಸಿದರೆ ಮುಂದಕ್ಕೆ. ನಿನ್ನೆ ಮಧ್ಯಾಹ್ನ ಒಂದು ಗಾಲಿಗೆ ತಟ್ಟಿದವಳು ತಲೆ ಆಡಿಸಲಿಲ್ಲ. ಇನ್ನೊಮ್ಮೆ ತಟ್ಟಿದಳು. ಕೈ ಚಾಚಿದಳು. ಸೀಮೆಸುಣ್ಣ ಕೊಡದೆ ನಾನೇ ಬಗ್ಗಿ ಕತ್ತರಿ ಗುರುತು ಹಾಕಿದೆ. ಹೊಸ ವರ್ಷದಿಂದ ಈಚೆಗೆ ಅದೇ ಮೊದಲನೆಯದು. ನೀನು ಬರಬೇಕೆಂದಿದ್ದ ಗಾಡಿಯದೇ ಬೋಗಿ, ಮುಂದಿನಿಂದ ಮೂರನೆಯದು. ಬೆರಳುದ್ದದ ಬಿರುಕು, ಎಣ್ಣೆ ಮಸಿಯ ಒಳಗೆ.

ವಿಚಾರಣೆ ಇದೆಯಂತೆ, ಅಲ್ಲಿಯವರೆಗೆ ಮನೆಯಲ್ಲೇ ಇರಬೇಕಂತೆ. ಏನು ಮಾಡುತ್ತಾರೋ ಮಾಡಲಿ. ನಿನ್ನ ಡ್ರಾಯರಿನ ಕಾಗದ ಹಾಕಿದ್ದರೂ ಪರವಾಗಿಲ್ಲ, ಹಾಕದಿದ್ದರೆ ಹರಿದುಬಿಡು. ನಿನ್ನ ಅತ್ತಿಗೆಯ ಮೇಲೆ ಕೂಗಾಡಿಲ್ಲ. ಅವಳೇ ನನ್ನ ಮೇಲೆ ಕೂಗಾಡಿದಳು, ಎದುರಿಗೆ ನಿಂತು, ಒಂದೊಂದು ಅಕ್ಷರವೂ ತಿಳಿಯುವ ಹಾಗೆ.

ಈಗ ನಿನ್ನ ಮಾತು. ಎಂಟು ತಿಂಗಳು ನಾನು ಸಿಕ್ಕವರಿಗೆಲ್ಲ, "ನನ್ನ ತಂಗಿ ಗಾಳಿ ಬೆಳಕಿನ ಹೊಸ ಮನೆ ಮಾಡಿದಾಳೆ" ಎಂದು ಹೇಳಿಕೊಂಡು ತಿರುಗಿದೆ ಕಣಮ್ಮ. ನೀನು ಆ ಹೊತ್ತಿಗೆ ನೆಲಮಾಳಿಗೆಯಲ್ಲಿ ಒಬ್ಬಳೇ ಕೂತು ಅಳುತ್ತಿದ್ದೆ. ಗಾಲಿಯ ಬಿರುಕು ಕೇಳಿಸದೆ ಹೋದದ್ದಕ್ಕೆ ಸಾಹೇಬರು ಶಿಕ್ಷೆ ಕೊಡುತ್ತಾರೆ, ಅನುಭವಿಸುತ್ತೇನೆ. ಇದಕ್ಕೆ ಯಾರ ಹತ್ತಿರ ಹೋಗಿ ಶಿಕ್ಷೆ ಕೇಳಲಿ? ನೀನೇ ಬಂದು ಕೊಡು.

ಬರಬೇಡ ಎಂದದ್ದನ್ನು ವಾಪಸು ತೆಗೆದುಕೊಂಡಿದ್ದೇನೆ. ಗಾಡಿಯಲ್ಲೇ ಬಾ, ಯಾವ ಬೋಗಿಯಲ್ಲಿ ಬೇಕಾದರೂ ಕೂರು, ಆ ಹೆಂಗಸಿನ ಕಿವಿ ಅಪ್ಪನ ಕಿವಿಯ ಹಾಗಿದೆ. ಅತ್ತಿಗೆ ಪರದೆಯ ಬಟ್ಟೆಯಲ್ಲಿ ನಿನಗೆ ಹೊದಿಕೆ ಹೊಲಿಯಲು ಕೂತಿದ್ದಾಳೆ. ನೀನು ಬರುವ ಹೊತ್ತಿಗೆ ಅವಳು ಸಾಮಾನು ತರಲು ಅಂಗಡಿಗೆ ಹೋಗಿದ್ದರೆ ಮನೆಯಲ್ಲಿ ನಾನೊಬ್ಬನೇ ಇರುತ್ತೇನೆ. ಬಾಗಿಲು ತಟ್ಟುತ್ತಾ ನಿಲ್ಲಬೇಡ. ನನಗೆ ಕೇಳಿಸುವುದಿಲ್ಲ. ತಳ್ಳಿಕೊಂಡು ಒಳಗೆ ಬಾ.

ನಿನ್ನ ಅಣ್ಣ